ರಕ್ತದಲ್ಲಿ ಆಮ್ಲಜನಕ ತುಂಬಿದೆ, ಮೈಯಲ್ಲಿ ತ್ರಾಣವಿಲ್ಲ

ಧಾರವಾಡದಲ್ಲಿ ಒಂದು ಭಾನುವಾರ ಸಂಜೆ ಆಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ಇವತ್ತಿನ ವಿಷಯ ‘ಉಸಿರಾಟದ ವ್ಯಾಯಾಮದಿಂದ ಆಮ್ಲಜನಕ ಹೆಚ್ಚಿಸಿಕೊಂಡು ದೀರ್ಘಕಾಲದ ದಣಿವು ಗೆಲ್ಲುವುದು’ ಎಂದು ಅಚ್ಚಾಗಿದೆ. ಸಂಘಟಕರು ಒಳ್ಳೆಯ ಮನಸ್ಸಿನಿಂದಲೇ ಹಾಕಿಸಿದ್ದಾರೆ. ಆದರೆ ಅದರಲ್ಲಿರುವ ‘ಆಮ್ಲಜನಕ ಹೆಚ್ಚಿಸಿಕೊಂಡು’ ಎಂಬ ಎರಡು ಪದಗಳ ಜೊತೆಗೇ ನನ್ನ ಜಗಳ. ಉಸಿರಾಟದ ಅಭ್ಯಾಸವೇ ಬೇಡ ಅನ್ನುವವನಲ್ಲ ನಾನು. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿಯದೆ ಮಾಡಹೋದರೆ ಈ ಕಾಯಿಲೆಯವರು ಇನ್ನಷ್ಟು ಕುಸಿಯುತ್ತಾರೆ, ಅಷ್ಟೇ. ನಾನು ಹುಬ್ಬಳ್ಳಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾ ವಿಜ್ಞಾನ ಕಲಿಸಿ ನಿವೃತ್ತನಾದವ. ಗುಳಿಗೆ ಬರೆದುಕೊಡುವವನಲ್ಲ. ದೇಹ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಬಲ್ಲೆ. ಚಿಕಿತ್ಸೆಯ ಮಾತು ನಿಮ್ಮ ನಿಮ್ಮ ವೈದ್ಯರ ಹತ್ತಿರ.

‘ಸುಸ್ತು ಯಾರಿಗಿಲ್ರೀ?’ ಅನ್ನುವುದು ನಮ್ಮಲ್ಲಿ ಈ ಕಾಯಿಲೆಯ ಬಗ್ಗೆ ಕೇಳಿಬರುವ ಮೊದಲ ಮಾತು. ಹೊಲದಿಂದ ಬಂದವರಿಗೂ ಸುಸ್ತು, ಹುಬ್ಬಳ್ಳಿ-ಧಾರವಾಡದ ನಡುವೆ ದಿನಾ ಬಸ್ಸಿನಲ್ಲಿ ನಿಂತು ಓಡಾಡುವವರಿಗೂ ಸುಸ್ತು. ಉಂಡು ಮಲಗಿದರೆ ಬೆಳಗಾಗುವುದರೊಳಗೆ ಅದು ಇಳಿದಿರುತ್ತದೆ. ನಾನು ಹೇಳುತ್ತಿರುವ ಕಾಯಿಲೆಯಲ್ಲಿ ಎಂಟು ತಾಸು ಮಲಗಿ ಎದ್ದರೂ ಮೈ ಹಗುರಾಗುವುದಿಲ್ಲ. ಇದಕ್ಕೆ ಮೈಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್ ಎಂದೂ, ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದೂ ಎರಡು ಹೆಸರು. ವೈದ್ಯರು ಕೂಡಿಸಿ ಎಂಇ/ಸಿಎಫ್‌ಎಸ್ ಎನ್ನುತ್ತಾರೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸಿಬ್ಬಂದಿಯೇ ಸಾಲು ಸಾಲಾಗಿ ಹಾಸಿಗೆ ಹಿಡಿದು, ಆಸ್ಪತ್ರೆಯನ್ನೇ ಕೆಲಕಾಲ ಮುಚ್ಚಬೇಕಾಯಿತು. ಮೊದಲನೆಯ ಹೆಸರು ಅದರ ಮರುವರ್ಷ ಬಂತು. ಎರಡನೆಯದು 1988ರಲ್ಲಿ ಅಮೆರಿಕದಲ್ಲಿ ಹುಟ್ಟಿತು, ಮತ್ತು ನನ್ನ ಪ್ರಕಾರ ರೋಗಿಗಳಿಗೆ ಬಹಳ ಕೇಡು ಮಾಡಿತು. ‘ದಣಿವು’ ಎಂಬ ಹೆಸರು ಹೊತ್ತ ಕಾಯಿಲೆಯನ್ನು ಮನೆಯವರೂ ನಂಬುವುದಿಲ್ಲ, ಆಫೀಸಿನವರೂ ನಂಬುವುದಿಲ್ಲ.

2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಇದರ ಲಕ್ಷಣಗಳನ್ನು ಸರಳವಾಗಿ ಹೇಳಿತು. ಮೊದಲು ಮಾಡುತ್ತಿದ್ದ ಕೆಲಸ ಆರು ತಿಂಗಳಿಗೂ ಮೀರಿ ಮಾಡಲಾಗದಷ್ಟು ದಣಿವು; ದುಡಿದ ಮೇಲೆ ಬರುವ ಕುಸಿತ; ಚೈತನ್ಯ ಕೊಡದ ನಿದ್ದೆ. ಇವು ಮೂರೂ ಇರಬೇಕು. ಜೊತೆಗೆ ಮಂಕು ಕವಿದ ಹಾಗಿನ ಬುದ್ಧಿ, ಇಲ್ಲವೇ ಎದ್ದು ನಿಂತರೆ ಹೆಚ್ಚುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು. ಇಷ್ಟರಲ್ಲಿ ‘ದುಡಿದ ಮೇಲಿನ ಕುಸಿತ’ವೇ ಕಾಯಿಲೆಯ ಬೇರು. ಅದು ಕೂಡಲೇ ಬರುವುದಿಲ್ಲ. ಇವತ್ತು ಎರಡು ಬಕೆಟ್ ಬಟ್ಟೆ ಒಗೆದರೆ ಕುಸಿತ ಬರುವುದು ನಾಳೆ, ಕೆಲವೊಮ್ಮೆ ನಾಡಿದ್ದು. ‘ನಿನ್ನೆ ಮದುವಿಗೆ ಹೋಗಿ ನಕ್ಕೋತ ಅಡ್ಡಾಡಿದಾಕಿ ಇವತ್ತ್ಯಾಕ ಏಳವಲ್ಲಳು’ ಎಂದು ಅತ್ತೆ ಕೇಳುತ್ತಾರೆ. ನಿನ್ನೆಯ ಮದುವೆಯೇ ಕಾರಣ ಎಂದರೆ ನಂಬುವವರಿಲ್ಲ.

ಬಹಳ ಮಂದಿಗೆ ಇದು ಒಂದು ಸೋಂಕಿನ ಬೆನ್ನಿಗೆ ಬರುತ್ತದೆ. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ಕಡೆ ಊರೂರನ್ನೇ ಮಲಗಿಸಿದ್ದು ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಜ್ವರ ಹೋದರೂ ಮೈ ತಿರುಗಿ ಸರಿಹೋಗದವರು ಆಗಲೂ ಇದ್ದರು. ಡೆಂಗಿ ಆದ ಮೇಲೆ ಹೀಗಾದವರಿದ್ದಾರೆ. ಕೋವಿಡ್ ನಂತರ ಇಂಥವರ ಸಂಖ್ಯೆ ಜಗತ್ತಿನಾದ್ಯಂತ ಏರಿತು.

ಆಮ್ಲಜನಕದ ಮಾತು ಈ ಕಾಯಿಲೆಗೆ ಅಂಟಿಕೊಂಡದ್ದೂ ಬಹುಶಃ ಆಗಲೇ. 2021ರ ಎರಡನೇ ಅಲೆಯಲ್ಲಿ, ಬೆರಳಿಗೆ ಹಚ್ಚಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಇಲ್ಲದ ಮನೆ ಇರಲಿಲ್ಲ. ಆ ಯಂತ್ರದ ಹಿಂದಿನ ಉಪಾಯವನ್ನು 1974ರಲ್ಲಿ ಕಂಡುಹಿಡಿದವರು ಜಪಾನಿನ ಇಂಜಿನಿಯರ್ ತಕುವೊ ಅಯೋಯಾಗಿ. 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಅವರ ಯಂತ್ರಕ್ಕಾಗಿ ಅಂಗಡಿ ಅಂಗಡಿ ಹುಡುಕುತ್ತಿದ್ದಾಗ, ಅವರು ತೀರಿಕೊಂಡರು. ಆಗ ನಾವೆಲ್ಲ ಕಲಿತ ಲೆಕ್ಕ: 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡು, ಬೋರಲು ಮಲಗಿದರೆ ನಾಲ್ಕು ಅಂಕ ಮೇಲೇರುತ್ತದೆ, ಉಸಿರಾಟದ ವ್ಯಾಯಾಮ ಮಾಡು. ಅದು ಸರಿಯೇ. ಕೋವಿಡ್ ನ್ಯುಮೋನಿಯಾದಲ್ಲಿ ಕೆಟ್ಟದ್ದು ಶ್ವಾಸಕೋಶ. ಗಾಳಿಗೂಡುಗಳಿಗೆ ನೀರು ತುಂಬಿ, ಆಮ್ಲಜನಕ ರಕ್ತಕ್ಕೆ ದಾಟುವ ಬಾಗಿಲೇ ಮುಚ್ಚಿಕೊಂಡಿತ್ತು. ಬೋರಲು ಮಲಗಿದಾಗ ಬೆನ್ನ ಕಡೆಯ ಗಾಳಿಗೂಡುಗಳು ತೆರೆದು ಅಂಕಿ ಏರುತ್ತಿತ್ತು. ಎಂಇ/ಸಿಎಫ್‌ಎಸ್ ಇರುವವರಲ್ಲಿ ಸಾಮಾನ್ಯವಾಗಿ ಆ ಬಾಗಿಲು ತೆರೆದೇ ಇರುತ್ತದೆ. ಬೆರಳಿಗೆ ಯಂತ್ರ ಹಚ್ಚಿದರೆ 97, 98 ಬರುತ್ತದೆ. ರೋಗಿ ಮಾತ್ರ ಹಾಸಿಗೆಯಿಂದ ಏಳಲಾರಳು.

ಇಲ್ಲಿಗೆ ಬಂದಾಗ ಮಾತು ನಿಲ್ಲಿಸಿ, ಮುಂದಿನ ಸಾಲಿನಲ್ಲಿದ್ದ ಒಬ್ಬ ಕಾಲೇಜು ಹುಡುಗಿಯನ್ನು ವೇದಿಕೆಗೆ ಕರೆದೆ. ನನ್ನ ತೋರುಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು, ಬಂದ ಅಂಕಿಯನ್ನು ಗಟ್ಟಿಯಾಗಿ ಓದಲು ಹೇಳಿದೆ. ಮೊದಲು 97, ನಾಡಿ 74. ‘ನಾನು ಮಾಡುವುದನ್ನು ಸಭೆಯಲ್ಲಿ ಯಾರೂ ಮಾಡಬೇಡಿ’ ಎಂದು ಹೇಳಿ ಅರ್ಧ ನಿಮಿಷ ಬಲವಾಗಿ, ಬೇಗ ಬೇಗ ಉಸಿರಾಡಿದೆ. 99, ನಾಡಿ 96. ತುಟಿ ಜುಮುಜುಮು ಎಂದಿತು, ಬೆರಳ ತುದಿ ಮರಗಟ್ಟಿದ ಹಾಗಾಯಿತು, ದೀಪಗಳು ತುಸು ದೂರ ಸರಿದಂತೆ ಕಂಡವು. ಮಾತು ಮುಂದುವರಿಸಲು ಕುರ್ಚಿ ಹಿಡಿದು ನಿಲ್ಲಬೇಕಾಯಿತು. ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಆ ಎರಡು ಅಂಕಗಳಿಗೆ ಏನು ಬೆಲೆ ತೆತ್ತೆ ಎಂಬುದೇ ಇವತ್ತಿನ ಉಪನ್ಯಾಸ.

ಮೊದಲು ಗಳಿಕೆ ನೋಡೋಣ. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದರೆ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 100 ಮಿಲಿ ರಕ್ತದಲ್ಲಿ 14 ಗ್ರಾಂ ಹಿಮೋಗ್ಲೋಬಿನ್ ಇರುವ ಮನುಷ್ಯನ ಆಕ್ಸಿಮೀಟರ್ 97 ತೋರಿಸುವಾಗ ಆ ರಕ್ತದಲ್ಲಿ ಸುಮಾರು 18.2 ಮಿಲಿ ಆಮ್ಲಜನಕ ಇರುತ್ತದೆ. 99 ಆದಾಗ 18.6. ಹಿಮೋಗ್ಲೋಬಿನ್ ಹಿಡಿಯದೆ ರಕ್ತದ ನೀರಿನಲ್ಲೇ ಕರಗಿ ಸಾಗುವುದನ್ನು ಸೇರಿಸಿದರೂ ಲಾಭ ಅರ್ಧ ಮಿಲಿ ದಾಟುವುದಿಲ್ಲ. ಇನ್ನೊಂದು ಕಡೆ ನೋಡಿ: ಸುಮ್ಮನೆ ಕೂತಿರುವ ದೇಹ ಆ 18ರಲ್ಲಿ ಬಳಸುವುದು ಸುಮಾರು 5 ಮಿಲಿ ಮಾತ್ರ. ಉಳಿದ ಮುಕ್ಕಾಲು ಪಾಲು ಮುಟ್ಟದೆ ಹೃದಯಕ್ಕೆ ವಾಪಸು ಬರುತ್ತದೆ. 13 ಮಿಲಿ ಹಾಗೇ ತಿರುಗಿ ಬರುತ್ತಿರುವಾಗ ಅರ್ಧ ಮಿಲಿ ಕೂಡಿಸಲು ಒದ್ದಾಡುವುದು ಯಾಕೆ?

ಧಾರವಾಡದವರಿಗೆ ಇದನ್ನು ತಿಳಿಯಲು ಪ್ರಯೋಗಾಲಯವೂ ಬೇಡ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕಾರವಾರದ ಕಡಲತೀರಕ್ಕಿಂತ ನೂರಕ್ಕೆ ಎಂಟರಷ್ಟು ಕಡಿಮೆ, ಅಂದರೆ ಪ್ರತಿ ಉಸಿರಿನಲ್ಲಿ ಆಮ್ಲಜನಕವೂ ಅಷ್ಟೇ ಕಡಿಮೆ. ಆದರೂ ಕಾರವಾರದ ಆರೋಗ್ಯವಂತನ ಬೆರಳಲ್ಲೂ ಧಾರವಾಡದ ಆರೋಗ್ಯವಂತನ ಬೆರಳಲ್ಲೂ ಅಂಕಿ ಹೆಚ್ಚೂಕಡಿಮೆ ಒಂದೇ. ಆಮ್ಲಜನಕದ ಒತ್ತಡ ತುಸು ಏರಿದರೂ ಇಳಿದರೂ ಹಿಮೋಗ್ಲೋಬಿನ್ ತುಂಬಿಯೇ ಇರುತ್ತದೆ. ಒತ್ತಡ ಬಹಳ ಕುಸಿದಾಗಷ್ಟೇ ಸರ್ರನೆ ಖಾಲಿಯಾಗುತ್ತದೆ.

ಇನ್ನು ತೆತ್ತ ಬೆಲೆ. ಬಲವಾಗಿ ಉಸಿರಾಡಿದಾಗ ಆಮ್ಲಜನಕ ಹೆಚ್ಚು ಒಳಬರಲಿಲ್ಲ, ಆದರೆ ಕಾರ್ಬನ್ ಡೈಆಕ್ಸೈಡ್ ಮಾತ್ರ ಧಾರಾಳವಾಗಿ ಹೊರಹೋಯಿತು. ನಾವು ಅದನ್ನು ಕೊಳೆ ಎಂದೇ ಶಾಲೆಯಲ್ಲಿ ಕಲಿತಿದ್ದೇವೆ. ದೇಹಕ್ಕೆ ಅದು ಕೊಳೆಯಲ್ಲ. ಉಸಿರು ಯಾವಾಗ ತೆಗೆದುಕೊಳ್ಳಬೇಕು ಎಂದು ಮಿದುಳು ಸಾಮಾನ್ಯ ಹೊತ್ತಿನಲ್ಲಿ ನಿರ್ಧರಿಸುವುದೇ ಈ ಅನಿಲದ ಮಟ್ಟ ನೋಡಿ. ಇದನ್ನು 1905ರಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು. ಅದಕ್ಕೂ ಒಂದು ವರ್ಷ ಮೊದಲು ಕ್ರಿಶ್ಚಿಯನ್ ಬೋರ್ (ಪರಮಾಣುವಿನ ಮಾದರಿ ಕೊಟ್ಟ ನೀಲ್ಸ್ ಬೋರ್ ಅವರ ತಂದೆ) ಇನ್ನೊಂದು ಸಂಗತಿ ಕಂಡಿದ್ದರು. ಕಾರ್ಬನ್ ಡೈಆಕ್ಸೈಡ್ ಇದ್ದಲ್ಲಿ ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಸಡಿಲ ಬಿಡುತ್ತದೆ. ಅದು ಇಲ್ಲದಿದ್ದರೆ ಬಿಗಿ ಹಿಡಿದುಕೊಂಡು ಹಾಗೇ ಹಿಂತಿರುಗುತ್ತದೆ. ಅಷ್ಟೇ ಅಲ್ಲ, ಮಿದುಳಿನ ರಕ್ತನಾಳಗಳು ಅಗಲವಾಗುವುದೂ ಕಿರಿದಾಗುವುದೂ ಇದೇ ಅನಿಲದ ಮೇಲೆ. ಇದರ ಒತ್ತಡ ರಕ್ತದಲ್ಲಿ ಸಾಮಾನ್ಯವಾಗಿ, ಪಾದರಸದ ಅಳತೆಯಲ್ಲಿ, 35ರಿಂದ 45 ಮಿಲಿಮೀಟರ್ ಇರುತ್ತದೆ. ಒಂದೊಂದು ಮಿಲಿಮೀಟರ್ ಇಳಿದಾಗಲೂ ಮಿದುಳಿಗೆ ಹೋಗುವ ರಕ್ತ ನೂರಕ್ಕೆ 2ರಿಂದ 4ರಷ್ಟು ಇಳಿಯುತ್ತದೆ. ಜೋರು ಉಸಿರಾಟದಿಂದ ಹದಿನೈದು ಮಿಲಿಮೀಟರ್ ಕಳೆದುಕೊಂಡರೆ ಎಷ್ಟಾಯಿತು, ಲೆಕ್ಕ ಹಾಕಿ. ನನ್ನ ತುಟಿ ಜುಮುಗುಟ್ಟಿದ್ದು, ದೀಪ ದೂರ ಸರಿದದ್ದು ಅದಕ್ಕೇ. ಬೆರಳಲ್ಲಿ ಅಂಕಿ ಏರುತ್ತಿತ್ತು, ಮಿದುಳಿಗೆ ಹೋಗುವ ಆಮ್ಲಜನಕ ಇಳಿಯುತ್ತಿತ್ತು.

ನಡುವೆ ಆಕ್ಸಿಮೀಟರಿನ ಬಗ್ಗೆ ಒಂದು ಎಚ್ಚರಿಕೆ, ಇದು ನಮ್ಮ ಹೆಣ್ಣುಮಕ್ಕಳಿಗೆ ತೀರ ಮುಖ್ಯ. ಯಂತ್ರ ತೋರಿಸುವುದು ಇದ್ದ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ತುಂಬಿದೆ ಎಂಬುದನ್ನು. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. 14 ಇರಬೇಕಾದದ್ದು 7 ಇದ್ದರೂ ಅದು 98 ಎಂದೇ ತೋರಿಸುತ್ತದೆ; ರಕ್ತದಲ್ಲಿರುವ ಆಮ್ಲಜನಕ ಮಾತ್ರ ಅರ್ಧಕ್ಕರ್ಧ. ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಕರ್ನಾಟಕದಲ್ಲೂ ಅದು ಹೆಚ್ಚೂಕಡಿಮೆ ಅರ್ಧ. ಆದ್ದರಿಂದ ಸುಸ್ತು ಎಂದು ಬಂದ ಹೆಂಗಸಿಗೆ ಪ್ರಾಣಾಯಾಮ ಹೇಳುವ ಮೊದಲು ಹಿಮೋಗ್ಲೋಬಿನ್ ಮಾಡಿಸಿ. ಕಬ್ಬಿಣದ ಗುಳಿಗೆಯಿಂದ ಹೋಗುವ ದಣಿವನ್ನು ವರ್ಷಗಟ್ಟಲೆ ಉಸಿರು ಎಣಿಸುತ್ತ ಸಹಿಸಿದವರಿದ್ದಾರೆ. ತಣ್ಣಗಿನ ಬೆರಳು, ಮದರಂಗಿ, ಉಗುರುಬಣ್ಣ ಇವೂ ಅಂಕಿ ಕೆಡಿಸುತ್ತವೆ. ಮೈಬಣ್ಣ ಕಪ್ಪಿದ್ದಷ್ಟೂ ಯಂತ್ರ ತುಸು ಹೆಚ್ಚೇ ತೋರಿಸುತ್ತದೆ ಎಂದು 2020ರಲ್ಲಿ ಅಮೆರಿಕದ ವೈದ್ಯರು ಎಚ್ಚರಿಸಿದರು.

ಹಾಗಾದರೆ ಈ ಕಾಯಿಲೆಯಲ್ಲಿ ಆಮ್ಲಜನಕದ ಕೊರತೆಯೇ ಇಲ್ಲವೇ? ಇದೆ. ಆದರೆ ಬೇರೆ ಜಾಗದಲ್ಲಿದೆ. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ: ನವಿಲುತೀರ್ಥದಲ್ಲಿ ಮಲಪ್ರಭೆ ತುಂಬಿ ನಿಂತಿರುತ್ತಾಳೆ, ನಮ್ಮ ಓಣಿಯ ನಲ್ಲಿಯಲ್ಲಿ ನೀರಿರುವುದಿಲ್ಲ. ಆಗ ಅಣೆಕಟ್ಟಿಗೆ ಇನ್ನೊಂದು ಅಡಿ ನೀರು ಬರಲಿ ಎಂದು ಬೇಡಿಕೊಂಡು ಏನು ಪ್ರಯೋಜನ?

ನೆದರ್ಲ್ಯಾಂಡಿನ ಒಂದು ತಂಡ 2020ರಲ್ಲಿ 429 ರೋಗಿಗಳನ್ನು ವಾಲುವ ಮಂಚದ ಮೇಲೆ ಮಲಗಿಸಿ, ನಿಧಾನವಾಗಿ ನಿಲ್ಲುವ ಭಂಗಿಗೆ ತಂದು, ಕತ್ತಿನ ರಕ್ತನಾಳಗಳಲ್ಲಿ ಹರಿವನ್ನು ಅಳೆಯಿತು. ಆರೋಗ್ಯವಂತರಲ್ಲಿ ಮಿದುಳಿಗೆ ಹೋಗುವ ರಕ್ತ ಸರಾಸರಿ 7% ಇಳಿಯಿತು. ರೋಗಿಗಳಲ್ಲಿ 26%. ಅವರಲ್ಲಿ ಬಹಳ ಜನರ ರಕ್ತದೊತ್ತಡ, ನಾಡಿ ನೋಡಿದರೆ ಏನೂ ತೊಂದರೆ ಕಾಣುತ್ತಿರಲಿಲ್ಲ. ಮರುವರ್ಷ ಬಾಸ್ಟನ್ನಿನಲ್ಲಿ ರೋಗಿಗಳ ಹೃದಯದವರೆಗೆ ಸಣ್ಣ ನಳಿಕೆ ಹಾಕಿ ಸೈಕಲ್ ತುಳಿಸಿ ನೋಡಿದರು. ಕೆಲವರಲ್ಲಿ ಹೃದಯಕ್ಕೆ ಮರಳುವ ರಕ್ತವೇ ಸಾಲುತ್ತಿರಲಿಲ್ಲ. ಇನ್ನು ಕೆಲವರಲ್ಲಿ ರಕ್ತ ಸ್ನಾಯುವಿನವರೆಗೂ ಹೋಗುತ್ತಿತ್ತು, ಆದರೆ ಸ್ನಾಯು ಆಮ್ಲಜನಕವನ್ನು ಹೀರಿಕೊಳ್ಳದೆ ವಾಪಸು ಕಳಿಸುತ್ತಿತ್ತು. ಅಂದರೆ ತೊಡಕು ಇರುವುದು ಸಾಗಾಟದಲ್ಲಿ ಮತ್ತು ಬಳಕೆಯಲ್ಲಿ. ಇವೆರಡನ್ನೂ ಬೆರಳಿನ ಯಂತ್ರ ಅಳೆಯುವುದಿಲ್ಲ.

ಈಗ ಒಬ್ಬರ ಅಡುಗೆಮನೆಗೆ ಹೋಗೋಣ. ಅಣ್ಣಿಗೇರಿ ಕಡೆಯ ಒಬ್ಬ ಶಿಕ್ಷಕಿ. ಡೆಂಗಿ ಬಂದು ಹೋದ ಮೇಲೆ ವರ್ಷವಾದರೂ ಸಂಜೆ ಆರಕ್ಕೆ ಮಲಗುತ್ತಿದ್ದರು. ಯಾರೋ ಹೇಳಿದರೆಂದು ಬೆಳಗಿನ ಶಿಬಿರವೊಂದಕ್ಕೆ ಸೇರಿ ಕಪಾಲಭಾತಿ, ಭಸ್ತ್ರಿಕಾ ಎಂಬ ಜೋರು ಉಸಿರಿನ ಅಭ್ಯಾಸ ಮಾಡಿದರು. ಮಾಡಿದ ಹೊತ್ತಿಗೆ ಹುರುಪು ಬಂದಂತೆ ಅನ್ನಿಸುತ್ತಿತ್ತಂತೆ. ಶಿಬಿರ ಮುಗಿಯುವುದರೊಳಗೆ ಹಾಸಿಗೆ ಹಿಡಿದರು. ‘ನಿಮಗ ಮನಸ್ಸಿಲ್ಲರೀ ಅಕ್ಕಾರ, ಇನ್ನೂ ಜೋರ್ ಮಾಡ್ರಿ’ ಎಂದಿದ್ದರಂತೆ ಅಲ್ಲಿ ಕಲಿಸುವವರು. ಆ ಶಿಕ್ಷಕಿಯ ಸೋದರಸೊಸೆ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಜೊತೆ ಹೋಗಿದ್ದೆ. ಆಕೆ ಒಲೆಕಟ್ಟೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಎಡಗೈ ಬೆರಳಿಗೆ ಆಕ್ಸಿಮೀಟರ್ ಹಚ್ಚಿ, ಒಂದೊಂದು ರೊಟ್ಟಿ ಹಂಚಿಗೆ ಹಾಕಿದಾಗಲೂ ಕೈ ಅಲುಗಿಸದೆ ನಿಲ್ಲಿ ಎಂದೆವು. ಮೊದಲ ರೊಟ್ಟಿಗೆ 98, ನಾಡಿ 88. ಎರಡನೆಯದಕ್ಕೆ 98, ನಾಡಿ 104. ನಾಲ್ಕನೆಯ ರೊಟ್ಟಿಗೆ ನಾಡಿ 124, ಹಣೆ ತುಂಬ ಬೆವರು, ಕಾಲು ಊದಾಬಣ್ಣಕ್ಕೆ ತಿರುಗಿತ್ತು, ಬಾಯಿ ತೆರೆದು ಮೇಲುಸಿರು ಬಿಡುತ್ತಿದ್ದರು. ಆಮ್ಲಜನಕದ ಅಂಕಿ ಆಗಲೂ 98. ನಿಂತಾಗ ರಕ್ತ ಕಾಲಿಗೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಹೃದಯ ಇದ್ದಷ್ಟನ್ನೇ ಬೇಗ ಬೇಗ ತಳ್ಳುತ್ತಿತ್ತು. ಮಿದುಳಿಗೆ ಸಾಲದೆ ಆಕೆ ಜೋರಾಗಿ ಉಸಿರಾಡುತ್ತಿದ್ದರು. ಆ ಉಸಿರಾಟದಿಂದ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತ ಇನ್ನಷ್ಟು ಕಡಿಮೆಯಾಗುತ್ತಿತ್ತು. ಒಂದರ ಬಾಲ ಒಂದು ಕಚ್ಚಿಕೊಂಡು ಸುತ್ತುತ್ತಿತ್ತು.

ಮನೆಯವರು ಮಾಡಿದ ಬದಲಾವಣೆ ಸಣ್ಣದು. ಗ್ಯಾಸ್ ಒಲೆಯನ್ನು ಕಟ್ಟೆಯಿಂದ ನೆಲಕ್ಕಿಳಿಸಿದರು, ಅಜ್ಜಿಯ ಕಾಲದ ಮಣೆ ಅಟ್ಟದಿಂದ ಇಳಿಯಿತು. ಕೂತು ಬಡಿದರೆ ನಾಡಿ ನೂರು ದಾಟುತ್ತಿರಲಿಲ್ಲ. ಮೂರು ರೊಟ್ಟಿಗೊಮ್ಮೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿ, ಮೂಗಿನಿಂದ ನಿಧಾನ ಉಸಿರು. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲ್. ಈ ಕಾಯಿಲೆಯಲ್ಲಿ ಸ್ನಾನ ಎಂಬುದು ಎಷ್ಟು ದೊಡ್ಡ ದುಡಿಮೆ ಎಂಬುದು ಆರೋಗ್ಯವಂತರಿಗೆ ತಿಳಿಯುವುದೇ ಇಲ್ಲ. ವೈದ್ಯರು ನೀರು, ಉಪ್ಪು ಹೆಚ್ಚು ಮಾಡಿ ಎಂದರು, ಕಾಲಿಗೆ ಬಿಗಿ ಸ್ಟಾಕಿಂಗ್ಸ್ ಕೊಟ್ಟರು. (ಬಿಪಿ ಇರುವವರು ಈ ಉಪ್ಪಿನ ಮಾತನ್ನು ಇಲ್ಲೇ ಬಿಟ್ಟು ಹೋಗಿ.) ಕಾಯಿಲೆ ಹೋಗಲಿಲ್ಲ. ಹಾಸಿಗೆ ಹಿಡಿಯುವ ದಿನಗಳು ಕಡಿಮೆಯಾದವು.

ಹಾಗಿದ್ದರೆ ನಮ್ಮ ಪ್ರಾಣಾಯಾಮವೆಲ್ಲ ಸುಳ್ಳೇ ಎಂದು ಕೆಲವರ ಹುಬ್ಬು ಗಂಟಾಗುತ್ತಿರುವುದು ನನಗೆ ಇಲ್ಲಿಂದ ಕಾಣುತ್ತಿದೆ. ಪ್ರಾಣಾಯಾಮವನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಮೊದಲಿಗರು ಸ್ವಾಮಿ ಕುವಲಯಾನಂದರು. 1924ರಲ್ಲಿ ಲೋನಾವಳದಲ್ಲಿ ಕೈವಲ್ಯಧಾಮ ಕಟ್ಟಿದವರು. ಉಸಿರಿನ ಅನಿಲಗಳನ್ನು ಅಳೆದು ನೋಡಿ ಅವರೇ ಹೇಳಿದರು, ಪ್ರಾಣಾಯಾಮದ ಬೆಲೆ ಹೆಚ್ಚುವರಿ ಆಮ್ಲಜನಕದಲ್ಲಿ ಇಲ್ಲ ಎಂದು. ಯೋಗದ ಪರವಾಗಿ ಜೀವನ ಸವೆಸಿದವರ ಮಾತು ಅದು, ವಿರೋಧಿಗಳದ್ದಲ್ಲ. ನೂರು ವರ್ಷ ಕಳೆದರೂ ನಮ್ಮ ಟಿವಿ ಶಿಬಿರಗಳಿಗೆ ತಲುಪಿಲ್ಲ.

ಧಾರವಾಡದ ನಂಟಿರುವ ಇನ್ನೊಬ್ಬರನ್ನೂ ನೆನೆಯಬೇಕು. 1936ರಲ್ಲಿ ಯೋಗಗುರು ಕೃಷ್ಣಮಾಚಾರ್ಯರು ಮೈಸೂರಿನಿಂದ ಶಿಷ್ಯರನ್ನು ಕಟ್ಟಿಕೊಂಡು ಈ ಕಡೆ ಬಂದಿದ್ದಾಗ ಧಾರವಾಡದ ಹೆಣ್ಣುಮಕ್ಕಳು ತಮಗೂ ಯೋಗ ಕಲಿಸಿ ಎಂದರು. ಎಲ್ಲರಿಗಿಂತ ಚಿಕ್ಕವನೆಂದು ಆ ಕೆಲಸ ಹದಿನೇಳರ ಬಿ.ಕೆ.ಎಸ್. ಅಯ್ಯಂಗಾರ್ ಪಾಲಿಗೆ ಬಂತು. ಅಯ್ಯಂಗಾರ್ ಹುಟ್ಟಿದ್ದು 1918ರ ಡಿಸೆಂಬರ್‌ನಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿಯ ನಡುವೆ. ಬಾಲ್ಯವೆಲ್ಲ ಮಲೇರಿಯಾ, ಟೈಫಾಯ್ಡ್, ಕ್ಷಯ ಎಂದು ನರಳಿದ ಮೈ. ಮುಂದೆ ಅವರ ಪದ್ಧತಿಯಲ್ಲಿ ನಿಶ್ಶಕ್ತರಿಗೆ ಪ್ರಾಣಾಯಾಮವನ್ನು ದಿಂಬಿನ ಮೇಲೆ ಎದೆ ಒರಗಿಸಿ, ಮಲಗಿಸಿಯೇ ಹೇಳಿಕೊಡುತ್ತಾರೆ. ಎಂಇ/ಸಿಎಫ್‌ಎಸ್‌ಗೆ ಏನಾದರೂ ಹೊಂದುವುದಾದರೆ ಅದೇ ಹೊಂದುತ್ತದೆ.

ಏಕೆ ಹೊಂದುತ್ತದೆ? ಮತ್ತೆ ಲೆಕ್ಕ. ನಾವು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿ ಗಂಟಲು, ಶ್ವಾಸನಾಳದಲ್ಲೇ ಉಳಿದು ರಕ್ತವನ್ನು ಮುಟ್ಟದೆ ಹೊರಬರುತ್ತದೆ. ನಿಮಿಷಕ್ಕೆ 24 ಬಾರಿ, 250 ಮಿಲಿಯಂತೆ ಮೇಲುಸಿರು ಬಿಟ್ಟರೆ ಒಟ್ಟು 6 ಲೀಟರ್ ಗಾಳಿ ಓಡಾಡಿತು, ಕೆಲಸಕ್ಕೆ ಬಂದದ್ದು 2.4 ಲೀಟರ್. 12 ಬಾರಿ, 500 ಮಿಲಿಯಂತೆ ಆದರೆ ಅದೇ 6 ಲೀಟರಿನಲ್ಲಿ 4.2 ಕೆಲಸಕ್ಕೆ ಬಂತು. ಅಷ್ಟೇ ಕೆಲಸಕ್ಕೆ ಉಸಿರಾಟದ ಸ್ನಾಯುಗಳ ದುಡಿಮೆ ಕಡಿಮೆ. ದಿನದ ಶಕ್ತಿಯನ್ನು ಚಿಲ್ಲರೆ ಎಣಿಸಿ ಖರ್ಚು ಮಾಡಬೇಕಾದವರಿಗೆ ಈ ಉಳಿತಾಯ ಸಣ್ಣದಲ್ಲ. ಎರಡನೆಯದು ನರಗಳ ಮಾತು. ಇಟಲಿಯ ಬರ್ನಾರ್ಡಿ ಎಂಬ ವೈದ್ಯರ ತಂಡ 2001ರಲ್ಲಿ, ಜಪಮಾಲೆ ಎಣಿಸುತ್ತ ಪ್ರಾರ್ಥಿಸುವವರ ಉಸಿರೂ ಮಂತ್ರ ಪಠಿಸುವವರ ಉಸಿರೂ ತಾನಾಗಿ ನಿಮಿಷಕ್ಕೆ ಆರರ ಹತ್ತಿರ ಇಳಿಯುತ್ತದೆ, ಆಗ ರಕ್ತದೊತ್ತಡ ಹಿಡಿತದಲ್ಲಿಡುವ ನರಗಳ ಸೂಕ್ಷ್ಮತೆ ಹೆಚ್ಚುತ್ತದೆ ಎಂದು ತೋರಿಸಿತು. ಅದೇ ತಂಡ 1998ರಲ್ಲಿ, ಹೃದಯ ವೈಫಲ್ಯ ಇರುವವರಲ್ಲಿ ನಿಧಾನ ಉಸಿರಾಟದಿಂದ ಆಮ್ಲಜನಕದ ಅಂಕಿ ನಿಜಕ್ಕೂ ಏರಿದ್ದನ್ನು ಕಂಡಿತ್ತು. ಅವರ ಅಂಕಿ ಮೊದಲೇ ಇಳಿದಿತ್ತು, ಏರಲು ಜಾಗವಿತ್ತು. ಆ ಫಲಿತಾಂಶವನ್ನು ತಂದು 98 ಇರುವವರ ಮೇಲೆ ಹೇರಬಾರದು.

ಮಾಡುವ ರೀತಿ ಹೇಳಿಬಿಡುತ್ತೇನೆ. ಮಲಗಿ, ಮೊಣಕಾಲ ಕೆಳಗೆ ದಿಂಬು. ಬಾಯಿ ಮುಚ್ಚಿ. ಒಂದು ಕೈ ಹೊಟ್ಟೆಯ ಮೇಲೆ. ಉಸಿರು ಒಳಗೆ ಬರುವಾಗ ಹೊಟ್ಟೆ ಕೈಯನ್ನು ತುಸು ಎತ್ತಲಿ, ಎದೆ ಉಬ್ಬಿಸಬೇಡಿ. ಮೂರು ಎಣಿಸುವಷ್ಟು ಒಳಗೆ, ನಾಲ್ಕೋ ಐದೋ ಎಣಿಸುವಷ್ಟು ಹೊರಗೆ. ನಮ್ಮ ಗದಗಿನ ಗವಾಯಿಗಳ ಆಶ್ರಮದಲ್ಲಿ ಬೆಳಗಿನ ಖರ್ಜ ಸಾಧನೆ (ಕೆಳಸ್ವರವನ್ನು ಉದ್ದಕ್ಕೆ ಹಿಡಿಯುವ ಅಭ್ಯಾಸ) ಮಾಡುವ ಹುಡುಗರನ್ನು ನೋಡಿದ್ದರೆ ಗೊತ್ತು, ಅವರ ಜಾಣತನವಿರುವುದು ಹೊರಬಿಡುವುದರಲ್ಲಿ. ಉಸಿರು ಕಟ್ಟಬೇಡಿ, ಗುರಿ ಇಟ್ಟುಕೊಳ್ಳಬೇಡಿ. ಎರಡು ನಿಮಿಷ ಸಾಕು. ತಲೆ ಹಗುರಾದರೆ, ಬೆರಳು ಜುಮುಗುಟ್ಟಿದರೆ ನೀವು ಹೆಚ್ಚು ಉಸಿರಾಡುತ್ತಿದ್ದೀರಿ, ನಿಲ್ಲಿಸಿ. ಮಾಡಿದ ದಿನ ಚೆನ್ನಾಗಿತ್ತು ಎಂದು ಮರುದಿನ ಹೆಚ್ಚಿಸಬೇಡಿ. ಎರಡು ದಿನ ಕಾದು ನೋಡಿ. ಕತ್ತಲೆ ಕೋಣೆಯಲ್ಲಿ ಮಲಗಿ ಮಾತೂ ಆಡಲಾರದಷ್ಟು ತೀವ್ರವಾಗಿರುವವರಿಗೆ ಉಸಿರು ಎಣಿಸುವುದೂ ದುಡಿಮೆಯೇ. ಅವರನ್ನು ಅವರ ಪಾಡಿಗೆ ಬಿಡಿ.

ಹೆಚ್ಚಿಸಬೇಡಿ ಎಂದದ್ದಕ್ಕೆ ಕಾರಣವಿದೆ. ಬಹುಕಾಲ ಈ ಕಾಯಿಲೆಗೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ವ್ಯಾಯಾಮ ಏರಿಸುವುದೇ ಚಿಕಿತ್ಸೆ ಎಂದು ನಂಬಿದ್ದರು. ಚಿಕಿತ್ಸೆ ಹೇಗಿರಬೇಕೆಂದು ವೈದ್ಯರಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಅದನ್ನೇ ಹೇಳಿತ್ತು. 2021ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಈಗ ಹೇಳುವುದು, ನಿಮ್ಮ ಶಕ್ತಿಯ ಎಲ್ಲೆಯೊಳಗೆ ಇರಿ ಎಂದು. ಉಸಿರಾಟದ ವ್ಯಾಯಾಮವೂ ವ್ಯಾಯಾಮವೇ, ಅದೇ ನಿಯಮ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳು. ಒಬ್ಬ ಹಿರಿಯರು ಕೇಳಿದರು: ‘ಕೋವಿಡ್ ಟೈಮಿನ್ಯಾಗ ತಂದ ಆಕ್ಸಿಜನ್ ಕಾನ್ಸಂಟ್ರೇಟರ್ ಮನ್ಯಾಗ ಹಂಗ ಬಿದ್ದೈತ್ರಿ, ರಾತ್ರಿ ಹಚ್ಚಿಕೊಂಡ್ರ ಹೆಂಗ?’ 98 ಇರುವವರು ಹಚ್ಚಿಕೊಂಡರೆ ಕರೆಂಟ್ ಬಿಲ್ ಏರುತ್ತದೆ, ಬೇರೇನೂ ಏರುವುದಿಲ್ಲ. ಬೀಡಿ-ಸಿಗರೇಟಿನಿಂದ ಶ್ವಾಸಕೋಶ ಸವೆದವರಿಗೆ ಅಳತೆಯಿಲ್ಲದೆ ಆಮ್ಲಜನಕ ಕೊಟ್ಟರೆ ಅಪಾಯವೂ ಉಂಟು. ದೇವರ ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ಬೆಂಕಿಯ ಭಯ ಬೇರೆ.

ಒಬ್ಬ ತಾಯಿ ಭ್ರಾಮರಿ ಮಾಡಬಹುದೇ ಎಂದರು. ಮೆಲ್ಲಗೆ ಗುಂಯ್‌ಗುಡುವುದರಿಂದ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಹದಿನೈದು ಪಟ್ಟು ಹೆಚ್ಚುತ್ತದೆ ಎಂದು 2002ರಲ್ಲಿ ಸ್ವೀಡನ್ನಿನಲ್ಲಿ ಅಳೆದಿದ್ದಾರೆ. ಅದರಿಂದ ಈ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರೂ ತೋರಿಸಿಲ್ಲ. ಹಿತವೆನಿಸಿದರೆ, ಮಲಗಿಕೊಂಡು, ಸ್ವಲ್ಪ ಮಾಡಿ. ‘ಮಗನ್ನ ದಿನಾ ನೃಪತುಂಗ ಬೆಟ್ಟ ಹತ್ತಸ್ತೀನಿ’ ಎಂದವರಿಗೆ ಮಾತ್ರ ಸ್ಪಷ್ಟವಾಗಿ ಬೇಡ ಎಂದೆ.

ಕೊನೆಯವರು ಕೇಳಿದ್ದು ಯಾವ ಡಾಕ್ಟರ ಹತ್ತಿರ ಹೋಗಬೇಕು, ಏನು ಹೇಳಬೇಕು ಎಂದು. ಮೊದಲು ಒಬ್ಬ ಫಿಜಿಶಿಯನ್. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂಬ ಪರೀಕ್ಷೆ), ಥೈರಾಯ್ಡ್, ಬಿ12, ಸಕ್ಕರೆ, ಕಿಡ್ನಿ, ಲಿವರ್ ನೋಡಿಸಿ. ಗೊರಕೆ ಜೋರಿದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದೆಯೇ ಕೇಳಿ. ಆಕ್ಸಿಮೀಟರ್ ನಿಜಕ್ಕೂ 94ಕ್ಕಿಂತ ಕೆಳಗೆ ತೋರಿಸುತ್ತಿದ್ದರೆ ಅದು ನಾನು ಇವತ್ತು ಮಾತಾಡಿದ ಕಾಯಿಲೆಯ ಲಕ್ಷಣವಲ್ಲ, ಶ್ವಾಸಕೋಶ-ಹೃದಯದ ತಪಾಸಣೆ ತಡಮಾಡಬೇಡಿ. ಹೋಗುವ ಮೊದಲು ಮನೆಯಲ್ಲೇ ಒಂದು ಚೀಟಿ ಬರೆದುಕೊಳ್ಳಿ: ಹತ್ತು ನಿಮಿಷ ಮಲಗಿ ನಾಡಿ ಎಷ್ಟು, ಆಮೇಲೆ ಗೋಡೆಗೆ ಬೆನ್ನು ಒರಗಿಸಿ, ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದಿಟ್ಟು ಹತ್ತು ನಿಮಿಷ ನಿಂತು, ನಿಮಿಷಕ್ಕೊಮ್ಮೆ ನಾಡಿ ಎಷ್ಟು. ಬಿಪಿ ಯಂತ್ರವಿದ್ದರೆ ಅದನ್ನೂ ನೋಡಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಕಣ್ಣು ಕತ್ತಲೆ ಬಂದರೆ ತಕ್ಷಣ ಮಲಗಬೇಕು. ಬಿಪಿ ಇಳಿಯದೆ ನಾಡಿ ಮಾತ್ರ 30 ಅಥವಾ ಹೆಚ್ಚು ಏರಿದರೆ, ಹನ್ನೆರಡರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ 40 ಏರಿದರೆ, ಆ ಚೀಟಿಯನ್ನು ವೈದ್ಯರ ಮೇಜಿನ ಮೇಲೆ ಇಡಿ.